ಈ ಹಾರೆ ಯಾರಿಗೆ?

ಹತಾರ–ಕೈ: ಓದುಗರ ಪ್ರಶ್ನೆಗೆ ಉತ್ತರ

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ. ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವಳು. 22 ವರ್ಷ ಕೃಷಿ ಹತಾರ ಮಾಡುವ ವರ್ಕ್‌ಶಾಪಿನಲ್ಲಿ ದುಡಿದೆ, ಈಗ ಮನೆಯ ತೋಟ ನೋಡಿಕೊಂಡಿದ್ದೇನೆ.

ಈ ತಿಂಗಳು ಬಂದ ಕಾಗದಗಳನ್ನು ಒಟ್ಟಿಗೆ ಕೂತು ಓದಿದೆ. ಓದಿ ಮುಗಿಸಿದಾಗ ಮನಸ್ಸು ಭಾರವಾಯಿತು. ಸೊಂಟ ನೋವು, ಭುಜ ನೋವು, ಬೆರಳು ಜೋಮು. ಬರೆದವರೆಲ್ಲ ತಮ್ಮ ಮೈಯನ್ನೇ ದೂರಿದ್ದಾರೆ. ಕೈಯಲ್ಲಿ ಹಿಡಿದ ಹತಾರವನ್ನು ದೂರಿದವರು ಒಬ್ಬರೂ ಇಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ ಕೊಡುತ್ತೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಎಲ್ಲರದ್ದೂ ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಅಕ್ಕಾ, ನನಗೆ 34 ವರ್ಷ. ಅಡಿಕೆ ಮರದ ಬುಡ ಬಿಡಿಸಿ ಗೊಬ್ಬರ ಹಾಕುವ ಕೆಲಸ ನಾನೇ ಮಾಡುತ್ತೇನೆ. ಅರ್ಧ ಗಂಟೆ ಹಾರೆ ಹಿಡಿದರೆ ಸೊಂಟ ಹಿಡಿಯುತ್ತದೆ, ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ನಮ್ಮ ಮನೆಯವರು ಅದೇ ಹಾರೆಯಲ್ಲಿ ಇಡೀ ದಿನ ಕೆಲಸ ಮಾಡುತ್ತಾರೆ. "ನಿನಗೆ ಅಭ್ಯಾಸ ಸಾಲದು" ಅನ್ನುತ್ತಾರೆ. ಏನಾದರೂ ವ್ಯಾಯಾಮ ಇದೆಯಾ? – ಪೆರ್ಲ

ತಂಗೀ, ವ್ಯಾಯಾಮದ ಮಾತು ಆಮೇಲೆ. "ಅದೇ ಹಾರೆಯಲ್ಲಿ" ಎಂದು ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಅದು ನಿಮ್ಮ ಮನೆಯವರ ಹಾರೆ.

(ಮೈಸೂರು ಕಡೆಯ ಓದುಗರು ಹಾರೆ ಎಂದರೆ ಗಡಾರಿ ಎಂದುಕೊಳ್ಳುತ್ತಾರೆ. ನಮ್ಮ ಕರಾವಳಿಯಲ್ಲಿ ಹಾರೆ ಅಂದರೆ ಮಣ್ಣು ಎಳೆಯುವ ಅಗಲ ಬಾಯಿಯ ಗುದ್ದಲಿ.)

ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲಿ ಒಬ್ಬರು ವಯಸ್ಸಾದ ಆಚಾರಿ ಇದ್ದರು. ಅವರ ಕುಲುಮೆಗೆ ಹೋಗಿ ಹಾರೆ ಬೇಕು ಎಂದರೆ ಮೊದಲು ಕೇಳುವ ಮಾತು "ಏರೆಗ್?" ಅಂದರೆ ತುಳುವಿನಲ್ಲಿ, ಯಾರಿಗೆ? ಅಮ್ಮನಿಗೆ ಎಂದರೆ ಅಮ್ಮನನ್ನೇ ಕರೆದುಕೊಂಡು ಬಾ ಅನ್ನುತ್ತಿದ್ದರು. ಅಮ್ಮನ ಕೈಗೆ ಒಂದು ಕೋಲು ಕೊಟ್ಟು ಹಿಡಿಯಲು ಹೇಳುತ್ತಿದ್ದರು. ಹಿಡಿದ ಕೈಯನ್ನು ನೋಡಿ ಕಾವು, ಅಂದರೆ ಹಾರೆಯ ಮರದ ಹಿಡಿ, ಹೆರೆಯುತ್ತಿದ್ದರು. ಮತ್ತೆ ಹಿಡಿಸಿ ನೋಡುತ್ತಿದ್ದರು. ಆ ಹಾರೆಯನ್ನು ಅಪ್ಪ ಮುಟ್ಟಿದರೆ "ಇದು ಆಟದ ಸಾಮಾನು" ಎಂದು ಬದಿಗಿಡುತ್ತಿದ್ದರು. ಅಮ್ಮ ಅದರಲ್ಲಿ 60 ವರ್ಷ ದಾಟುವವರೆಗೂ ತೋಟದ ಕೆಲಸ ಮಾಡಿದರು.

ಈಗ ಅಂಗಡಿಯಲ್ಲಿ ಹಾರೆ ಸಾಲಾಗಿ ನಿಲ್ಲಿಸಿರುತ್ತಾರೆ. ಎಲ್ಲಕ್ಕೂ ಒಂದೇ ಅಳತೆಯ ಕಾವು. ಯಾರಿಗೆ ಎಂದು ಕೇಳುವವರಿಲ್ಲ.

ನಮ್ಮ ದೇಶದ ಕೃಷಿ ಕೆಲಸದವರ ಮೈ ಅಳತೆ ಎಷ್ಟು ಎಂದು ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಹಲವು ರಾಜ್ಯಗಳಲ್ಲಿ ಅಳೆಸಿ 2009ರಲ್ಲಿ ಪುಸ್ತಕ ಮಾಡಿದ್ದಾರೆ. ಗಂಡಸರ ಸರಾಸರಿ ಎತ್ತರ ಸುಮಾರು 163 ಸೆಂಟಿಮೀಟರ್. ಹೆಂಗಸರದ್ದು ಸುಮಾರು 152. ಬರೀ ಎತ್ತರದಲ್ಲೇ ನಾಲ್ಕು ಬೆರಳಗಲಕ್ಕಿಂತ ಜಾಸ್ತಿ ವ್ಯತ್ಯಾಸ. ಅಂಗೈ, ಬೆರಳು, ತೋಳು ಎಲ್ಲವೂ ಅದಕ್ಕೆ ತಕ್ಕಂತೆ ಸಣ್ಣವು. ತೋಳಿನ ಬಲ ಗಂಡಸರ ಬಲದ ಮೂರರಲ್ಲಿ ಎರಡು ಪಾಲಿನಷ್ಟು ಎಂದು ಲೆಕ್ಕ. ಹಾಗಿರುವಾಗ ಅವರ ಹಾರೆ ನಿಮಗೆ ಒಗ್ಗದಿದ್ದರೆ ಅದು ಅಭ್ಯಾಸದ ಕೊರತೆ ಅಲ್ಲ, ತಂಗೀ. ಅವರ ಚಪ್ಪಲಿ ಹಾಕಿಕೊಂಡು ಗುಡ್ಡ ಹತ್ತಿದರೆ ಕಾಲು ಉಳುಕುವುದಿಲ್ವಾ? ಹಾಗೇ.

ಈಗ ಮಾಡಬೇಕಾದ್ದು ಹೇಳುತ್ತೇನೆ.

ಮೊದಲು ಕಾವಿನ ದಪ್ಪ ನೋಡಿ. ಕೈಯಿಂದ ಗಟ್ಟಿಯಾಗಿ ಹಿಡಿದಾಗ ಹೆಬ್ಬೆರಳು ಸುತ್ತಿ ಬಂದು ತೋರುಬೆರಳಿನ ಉಗುರಿನ ಮೇಲೆ ಕೂರಬೇಕು. ನಡುವೆ ಜಾಗ ಉಳಿದರೆ ಕಾವು ದಪ್ಪ ಎಂದರ್ಥ. ದಪ್ಪ ಕಾವು ಹಿಡಿದು ನಿಲ್ಲಿಸಲಿಕ್ಕೇ ಅರ್ಧ ಬಲ ಹೋಗುತ್ತದೆ. ಹಿಡಿತ ಜಾರುತ್ತದೆ, ಜಾರಿದಲ್ಲಿ ಚರ್ಮ ಉಜ್ಜಿ ಬೊಕ್ಕೆ ಏಳುತ್ತದೆ. ಒಂದು ನೂಲು ತೆಗೆದುಕೊಂಡು ಕಾವಿಗೆ ಸುತ್ತಿ ಅಳೆಯಿರಿ. ಸುತ್ತಳತೆ 12, 13 ಸೆಂಟಿಮೀಟರ್ ಇದ್ದರೆ ಸಣ್ಣ ಕೈಗೆ ಅದು ಜಾಸ್ತಿಯೇ. ಸುಮಾರು 10 ಸೆಂಟಿಮೀಟರಿಗೆ ಹೆರೆಸಿ ನೋಡಿ. ಒಮ್ಮೆಗೇ ತೆಗೆಯಬೇಡಿ. ಸ್ವಲ್ಪ ತೆಗೆದು, ಹಿಡಿದು, ಮತ್ತೆ ಸ್ವಲ್ಪ. ಹುಣಸೆಯಂಥ ಗಟ್ಟಿ ಮರವಾದರೆ ತೆಳ್ಳಗೆ ಮಾಡಿದರೂ ತಡೆಯುತ್ತದೆ. ಕಾವಿಗೆ ಬಣ್ಣ, ವಾರ್ನಿಶ್ ಬೇಡ. ಬೆವರಿದಾಗ ಜಾರುತ್ತದೆ.

ಎರಡನೆಯದು ಉದ್ದ ಮತ್ತು ಬಾಯಿಯ ಓರೆ. ಇದನ್ನು ಬೇರೆ ಬೇರೆ ನೋಡಬಾರದು. ಸೊಂಟ ನೋವು ಅಂದ ಕೂಡಲೇ ಉದ್ದ ಕಾವು ಹಾಕಿಸುವವರಿದ್ದಾರೆ. ಕಾವು ಉದ್ದವಾದರೆ ನೀವು ನೆಟ್ಟಗೆ ನಿಲ್ಲುತ್ತೀರಿ, ಸರಿ. ಆದರೆ ಕಾವು ನೆಟ್ಟಗಾದಷ್ಟೂ ಹಾರೆಯ ಬಾಯಿ ನೆಲಕ್ಕೆ ಮಲಗುತ್ತದೆ. ಕಚ್ಚುವುದಿಲ್ಲ, ಬರೀ ಕೆರೆಯುತ್ತದೆ. ಕಚ್ಚಿಸಲು ನೀವು ಮತ್ತೆ ಬಗ್ಗುತ್ತೀರಿ. ಹಾಕಿಸಿದ ಉದ್ದ ದಂಡವಾಯಿತಲ್ಲ! ಅದಕ್ಕೆ ಆಚಾರಿಯ ಹತ್ತಿರ ಹೋಗಿ ಬಾಯಿಯ ಓರೆಯನ್ನು ಸ್ವಲ್ಪ ಬಿಚ್ಚಿಸಿ. ಕಾವಿಗೂ ಬಾಯಿಗೂ ನಡುವಿನ ಸಂದು ತುಸು ಅಗಲವಾಗಬೇಕು. ಕಾಯಿಸಿ ಬಡಿದರೆ ಹತ್ತು ನಿಮಿಷದ ಕೆಲಸ. ಆಮೇಲೆ ಕಾವು ನಾಲ್ಕು ಬೆರಳು ಉದ್ದ ಮಾಡಿಸಿ. ನಿಮ್ಮ ತೋಟದ ಮಣ್ಣಿನಲ್ಲೇ ಹೊಡೆದು ನೋಡಿ. ಅಂಗಡಿಯ ಸಿಮೆಂಟು ನೆಲದ ಮೇಲೆ ನಿಂತು ನೋಡಿದರೆ ಏನೂ ಗೊತ್ತಾಗದು.

ಮೂರನೆಯದು ತೂಕ. ಅಗಲ ಬಾಯಿಯ ಹಾರೆ ಒಂದು ಏಟಿಗೆ ಜಾಸ್ತಿ ಮಣ್ಣು ಎಳೆಯುತ್ತದೆ, ನಿಜ. ಆದರೆ ಪ್ರತಿ ಏಟಿಗೂ ಆ ಕಬ್ಬಿಣವನ್ನು ನೀವೇ ಮೇಲೆ ಎತ್ತಬೇಕಲ್ಲ. ಸಣ್ಣ ಬಾಯಿಯ ಹಾರೆಯಲ್ಲಿ ಏಟು ಜಾಸ್ತಿ ಬೇಕಾದರೂ ಸಂಜೆಗೆ ನೋಡಿದರೆ ಕೆಲಸ ಹೆಚ್ಚೇ ಆಗಿರುತ್ತದೆ. ನಡುವೆ ಕೂರುವುದು ಕಡಿಮೆ. ಇದನ್ನು ನಾನು ನನ್ನ ಮೈಯಲ್ಲೇ ಕಂಡಿದ್ದೇನೆ. ನಾನು ಐದಡಿಗಿಂತ ಅರ್ಧ ಇಂಚು ಕಡಿಮೆ.

ಇಷ್ಟು ಮಾಡಿಯೂ ನೋವು ಕಾಲಿಗೆ ಇಳಿದರೆ, ಅಥವಾ ಪಾದ ಜೋಮು ಹಿಡಿದರೆ ತಡ ಮಾಡದೆ ಡಾಕ್ಟರರಿಗೆ ತೋರಿಸಿ. ಮತ್ತೆ, ಈ ಪುಟವನ್ನು ನಿಮ್ಮ ಮನೆಯವರಿಗೂ ಓದಲು ಕೊಡಿ.

ನಾನು ಎಡಚ. ಹಲ್ಲಿನ ಕುಡುಗೋಲಿನಲ್ಲಿ ಭತ್ತ ಕೊಯ್ಯುವಾಗ ಅದು ಮೇಲಕ್ಕೆ ಜಾರಿ ಬೆರಳಿಗೆ ಬರುತ್ತದೆ. ಬಲಗೈ ರೂಢಿ ಮಾಡಿಕೊಳ್ಳಬೇಕಾ? – ಮಂಜೇಶ್ವರ

ಬೇಡ ಅಣ್ಣಾ. ಕುಡುಗೋಲಿನ ಹಲ್ಲು ಮತ್ತು ಅಂಚಿನ ಓರೆ ಒಂದೇ ಬದಿಗೆ ಇರುತ್ತದೆ. ಅದು ಬಲಗೈಯವರಿಗೆಂದು ಮಾಡಿದ್ದು. ಎಡಗೈಯಲ್ಲಿ ಹಿಡಿದಾಗ ಓರೆ ತಲೆಕೆಳಗಾಗಿ ಅಲಗು ಬುಡ ಬಿಟ್ಟು ಮೇಲೇರುತ್ತದೆ. ಹತ್ತು ಜನರಲ್ಲಿ ಒಬ್ಬರು ಎಡಚರು ಇರುತ್ತಾರೆ. ಆದರೂ ಅಂಗಡಿಯಲ್ಲಿ ಅವರಿಗೆ ಕುಡುಗೋಲು ಇಲ್ಲ. ಆಚಾರಿಗೆ ಹೇಳಿ ಓರೆಯನ್ನು ಇನ್ನೊಂದು ಬದಿಗೆ ಹಾಕಿ ಹೊಸದೇ ಮಾಡಿಸಿಕೊಳ್ಳಿ. ಹಳೆಯದನ್ನು ತಿರುಗಿಸಿ ಉಜ್ಜಲು ಹೋದರೆ ಹಲ್ಲು ಹಾಳಾಗುತ್ತದೆ. ಬರುವ ಕೊಯ್ಲಿಗೆ ಮೊದಲೇ ಮಾಡಿಸಿ.

ಕಾಳುಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಹೊಡೆಯಲು 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ತಂದಿದ್ದೇವೆ. ಕೆಲಸಕ್ಕೆ ಬರುವ ಅಕ್ಕ ಮೂರು ಟ್ಯಾಂಕ್ ಆದ ಮೇಲೆ ಭುಜ ಹಿಡಿದು ಕೂರುತ್ತಾರೆ. ಕಂಪನಿ ಬದಲಾಯಿಸಬೇಕಾ? – ನೀರ್ಚಾಲು

ಕಂಪನಿ ಯಾವುದಾದರೂ ನೀರಿನ ತೂಕ ಒಂದೇ. 16 ಲೀಟರ್ ನೀರು ಎಂದರೆ 16 ಕಿಲೋ. ಖಾಲಿ ಟ್ಯಾಂಕು, ಬ್ಯಾಟರಿ, ಪೈಪು ಸೇರಿ ಇನ್ನೈದು ಕಿಲೋ ಹಿಡಿಯಿರಿ. 21 ಆಯಿತು. ಆ ಅಕ್ಕನ ತೂಕ 45 ಕಿಲೋ ಎಂದು ಕಾಗದದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ತನ್ನ ತೂಕದ ಅರ್ಧದಷ್ಟನ್ನು ಬೆನ್ನಿಗೆ ಕಟ್ಟಿಕೊಂಡು, ಜಾರುವ ತೋಟದಲ್ಲಿ, ಒಂದು ಕೈ ಮೇಲೆತ್ತಿ ನಡೆಯುತ್ತಿದ್ದಾರೆ. ಶಾಲೆಯ ಮಕ್ಕಳ ಬ್ಯಾಗಿಗೆ 2020ರಲ್ಲಿ ಕೇಂದ್ರ ಸರಕಾರ ಒಂದು ನೀತಿ ತಂದಿತು. ಮಗುವಿನ ತೂಕದ ನೂರಕ್ಕೆ 10ಕ್ಕಿಂತ ಜಾಸ್ತಿ ಇರಬಾರದು ಎಂದು. ಮಗು ಬೇರೆ, ದೊಡ್ಡವರು ಬೇರೆ, ಒಪ್ಪುತ್ತೇನೆ. ಆದರೂ ಈ ಎರಡು ಲೆಕ್ಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಟ್ಯಾಂಕು 16 ಲೀಟರಿನದ್ದು ಎಂದ ಮಾತ್ರಕ್ಕೆ 16 ತುಂಬಿಸಬೇಕು ಎಂದೇನೂ ಇಲ್ಲ. 10ರ ಗೆರೆಗೆ ನಿಲ್ಲಿಸಿ. ಮಿಶ್ರಣದ ಡ್ರಮ್ಮನ್ನು ತೋಟದ ನಡುವೆಯೇ ಇಡಿ, ಆಗ ತಿರುಗಿ ತುಂಬಲು ನಡೆಯುವುದು ಕಡಿಮೆ. ತುಂಬಿದ ಟ್ಯಾಂಕನ್ನು ನೆಲದಿಂದ ಎತ್ತಿ ಬೆನ್ನಿಗೆ ಹಾಕಿಕೊಳ್ಳುವಾಗಲೇ ಸೊಂಟ ಉಳುಕುವುದು ಹೆಚ್ಚು. ಸೊಂಟದೆತ್ತರದ ಕಟ್ಟೆಯ ಮೇಲಿಟ್ಟು, ಬೆನ್ನು ತಿರುಗಿಸಿ ನಿಂತು ಪಟ್ಟಿ ಹಾಕಿಕೊಳ್ಳಲಿ.

ಪಟ್ಟಿಯ ವಿಷಯ. ಸ್ಪ್ರೇಯರಿನ ಜೊತೆ ಬರುವ ಪಟ್ಟಿ ಎರಡು ಬೆರಳಗಲ ಇರುತ್ತದೆ. ಭುಜಕ್ಕೆ ಕೊರೆಯುತ್ತದೆ. ನಾಲ್ಕು ಬೆರಳಗಲದ ದಪ್ಪ ಬಟ್ಟೆಯನ್ನು ಒಳಗೆ ಸ್ಪಂಜು ಇಟ್ಟು ಹೊಲಿಸಿ. ಪಟ್ಟಿಯನ್ನು ಗಿಡ್ಡ ಮಾಡಿ ಟ್ಯಾಂಕು ಬೆನ್ನಿಗೆ ಅಂಟಿಕೊಂಡಿರುವಂತೆ ನೋಡಿಕೊಳ್ಳಿ. ಟ್ಯಾಂಕು ಹಿಂದಕ್ಕೆ ಜೋತಾಡಿದರೆ ಅದೇ ತೂಕ ಇನ್ನಷ್ಟು ಎಳೆಯುತ್ತದೆ. ಸೊಂಟಕ್ಕೂ ಒಂದು ಪಟ್ಟಿ ಹೊಲಿಸಿದರೆ ಭಾರದ ಒಂದು ಪಾಲು ಸೊಂಟದ ಎಲುಬಿಗೆ ಇಳಿಯುತ್ತದೆ. ಭುಜಕ್ಕೆ ಅಷ್ಟು ಬಿಡುವು.

ಮುಚ್ಚಳದ ವಾಷರ್ ಹೋಗಿ ಬೆನ್ನು ಒದ್ದೆಯಾಗುತ್ತಿದೆಯೇ ನೋಡಿ. ಕೈಗವಸು ಆ ಅಕ್ಕನ ಕೈ ಅಳತೆಯದ್ದೇ ಕೊಡಿ. ದೊಡ್ಡ ಗವಸಿನಲ್ಲಿ ನಾಜಲ್ ತಿರುಗಿಸಲು ಆಗದೆ ಬಿಚ್ಚಿ ಬರಿಗೈಯಲ್ಲೇ ಮಾಡುತ್ತಾರೆ. ಆಮೇಲೆ "ಎಷ್ಟು ಹೇಳಿದರೂ ಗವಸು ಹಾಕುವುದಿಲ್ಲ" ಎಂದು ಅವರನ್ನೇ ಬೈಯುತ್ತೇವೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂಕಟ ಉಂಡ ನೆಲ ನಮ್ಮದು. ಬೋರ್ಡೋ ಅಷ್ಟು ಕೆಟ್ಟದ್ದಲ್ಲ, ಆದರೂ ಮೈಲುತುತ್ತು ಕಣ್ಣಿಗೆ ಹಾರಿದರೆ ಉರಿಯುತ್ತದೆ. ಸಿಂಪಡಣೆ ಮಾಡುವವರ ಮೈಯ ಬಗ್ಗೆ ನಾವು ಬೇರೆಯವರಿಗಿಂತ ಒಂದು ಪಟ್ಟು ಜಾಸ್ತಿ ಎಚ್ಚರ ಇಡಬೇಕು.

ಮಗ ಅಡಿಕೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ (ಕೊಳವೆ ಜೋಡಿಸಿದ ಉದ್ದ ಕೋಲು) ತಂದಿದ್ದಾನೆ. ಮರ ಹತ್ತುವವರಿಗೆ ಕಾಯುವ ಕೆಲಸ ತಪ್ಪಿತು. ಆದರೆ ಎರಡು ದಿನ ಕೊಯ್ದರೆ ನಾಲ್ಕು ದಿನ ಕುತ್ತಿಗೆ ತಿರುಗುವುದಿಲ್ಲ. ನನಗೆ 58. – ಬಾಯಾರು

ಅಣ್ಣಾ, ಕುತ್ತಿಗೆಯ ಮಾತಿಗೆ ಮೊದಲು ಒಂದು ಪ್ರಶ್ನೆ. ನಿಮ್ಮ ತೋಟದ ಮೇಲೆ ಅಥವಾ ಬದಿಯಲ್ಲಿ ಕರೆಂಟಿನ ತಂತಿ ಇದೆಯಾ? ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟು ಹರಿಯುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರಿನಲ್ಲೂ ಹರಿಯುತ್ತದೆ. ಪ್ಲಾಸ್ಟಿಕ್ಕಿನ ಹಾಗೆ ಕಾಣುವುದರಿಂದ ಜನ ಮೋಸ ಹೋಗುತ್ತಾರೆ. ತಂತಿಯ ಹತ್ತಿರದ ಮರಗಳನ್ನು ಲೈನ್ ಆಫ್ ಮಾಡಿಸದೆ ಮುಟ್ಟಲೇಬೇಡಿ. ಮಗನಿಗೂ ಇದನ್ನು ಕೂರಿಸಿ ಹೇಳಿ.

ಈಗ ಕುತ್ತಿಗೆ. ನಾವು ಎದುರಿಗೆ, ಕೆಳಗೆ ನೋಡಿ ಕೆಲಸ ಮಾಡುವವರು. ತಲೆಯನ್ನು ಹಿಂದಕ್ಕೆ ಚೆಲ್ಲಿ ಹೊತ್ತುಗಟ್ಟಲೆ ನಿಲ್ಲುವುದು ಕುತ್ತಿಗೆಗೆ ಹೊಸ ಕೆಲಸ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಆಳು ಬದಲಾಗಿ. ಒಬ್ಬರು ಕೊಯ್ಯುವಾಗ ಇನ್ನೊಬ್ಬರು ಗೊನೆ ಹಿಡಿಯುವುದು, ಹೆಕ್ಕುವುದು. ಮರದ ಬುಡಕ್ಕೆ ಅಂಟಿ ನಿಂತರೆ ಆಕಾಶಕ್ಕೇ ಮುಖ ಮಾಡಬೇಕಾಗುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಕುತ್ತಿಗೆ ಬಾಗುವುದು ಕಡಿಮೆಯಾಗುತ್ತದೆ. ಗೊನೆ ಬೀಳುವ ಜಾಗದಿಂದಲೂ ದೂರ ಇದ್ದಂತಾಗುತ್ತದೆ. ತೀರ ಹಿಂದೆ ಹೋದರೆ ದೋಟಿ ಬಾಗಿ ಕೈಗೆ ಭಾರ ಬರುತ್ತದೆ. ಎಷ್ಟು ದೂರ ಎನ್ನುವುದು ನಿಮ್ಮ ಮರದ ಎತ್ತರಕ್ಕೂ ನಿಮ್ಮ ಎತ್ತರಕ್ಕೂ ಸಂಬಂಧಪಟ್ಟದ್ದು. ನೀವೇ ಕಂಡುಕೊಳ್ಳಬೇಕು.

ಬಂಡೆ ಏರುವ ಆಟದಲ್ಲಿ, ಕೆಳಗೆ ಹಗ್ಗ ಹಿಡಿದು ನಿಂತವರು ಒಂದು ಬಗೆಯ ಕನ್ನಡಕ ಹಾಕುತ್ತಾರೆ. ಅದರೊಳಗೆ ಪ್ರಿಸ್ಮ್ ಇರುತ್ತದೆ. ಎದುರಿಗೆ ನೋಡಿದರೆ ಮೇಲಿನದ್ದು ಕಾಣುತ್ತದೆ. ಅಡಿಕೆ ಕೊಯ್ಲಿಗೂ ಅದು ಆಗಬಹುದು ಎಂದು ನನಗೆ ತುಂಬ ಆಸೆ ಇದೆ. ಹಾಕಿಕೊಂಡು ನಡೆಯಬಾರದು, ನಿಂತಲ್ಲೇ ನೋಡಲು ಮಾತ್ರ. ಯಾರಾದರೂ ಓದುಗರು ತೋಟದಲ್ಲಿ ಪ್ರಯೋಗಿಸಿ ನೋಡಿದ್ದರೆ ದಯವಿಟ್ಟು ಬರೆಯಿರಿ.

ದೋಟಿಯ ಅತಿ ಕೆಳಗಿನ ಕೊಳವೆ ಎಲ್ಲಕ್ಕಿಂತ ದಪ್ಪ. ಸಣ್ಣ ಕೈಯವರಿಗೆ ಹಿಡಿತ ಸಿಗದು. ಗಿಡ್ಡ ಮರಗಳಿಗೆ ಆ ಕೊಳವೆಯನ್ನೇ ಕಳಚಿಟ್ಟು ಕೊಯ್ಯಬಹುದು. ತೂಕವೂ ಇಳಿಯುತ್ತದೆ.

ಅಕ್ಕಾವ್ರೆ, ನಮ್ಮ ಕಡೆ ಹೆಣ್ಣುಮಕ್ಕಳು ತೊಗರಿ, ಜೋಳದ ಹೊಲದಾಗ ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಕುರ್ಪಿಯಿಂದ ಕಳೆ ತೆಗೆಯುತ್ತಾರೆ. ಮೊಣಕಾಲು ಹೋಗ್ಯಾವ. ಸೈಕಲ್ ಕುಂಟೆ (ನಿಂತು ದೂಡುವ ಚಕ್ರದ ಕಳೆ ಕುಂಟೆ) ಕೊಡಿಸಿದರೆ ಹೆಂಗ? – ಅಕ್ಕಲಕೋಟೆ

ಕೊಡಿಸಿ. ಆದರೆ ನಾವು ಮಾಡಿದ ತಪ್ಪನ್ನು ಕೇಳಿಕೊಂಡು ಕೊಡಿಸಿ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಿದ್ದ ವರ್ಕ್‌ಶಾಪಿಗೆ ಒಂದು ಕಚೇರಿಯಿಂದ ಕಳೆ ಕುಂಟೆಯ ಆರ್ಡರ್ ಬಂತು. ಹೆಂಗಸರ ಸಂಘಗಳಿಗೆ ಹಂಚಲು. ಹಿಡಿಕೆಯ ಎತ್ತರ ಅವರೇ ಬರೆದು ಕಳಿಸಿದ್ದರು. ವೆಲ್ಡ್ ಮಾಡಿ ಕೂರಿಸಿದ್ದು, ಮೇಲೆ ಕೆಳಗೆ ಆಗುವಂಥದ್ದಲ್ಲ. ನಾನು ಹಿಡಿದು ನೋಡಿದಾಗ ಹಿಡಿಕೆ ಎದೆಗೆ ಬಂತು. ಎತ್ತರ ಜಾಸ್ತಿಯಾಯಿತು ಎಂದು ಹೇಳಿದೆ. ಡ್ರಾಯಿಂಗ್ ಪಾಸಾಗಿದೆ, ಸುಮ್ನೆ ಮಾಡಿ ಎಂದರು. ಮಾಡಿದೆವು. ಮರುವರ್ಷ ಒಂದು ಸಂಘದ ಮನೆಗೆ ಹೋದಾಗ ನಮ್ಮ ಕುಂಟೆಗಳು ಹಟ್ಟಿಯ ಹಿಂದೆ ಅಲಸಂಡೆ ಬಳ್ಳಿಗೆ ಆಸರೆಯಾಗಿ ನಿಂತಿದ್ದವು. "ಒಳ್ಳೆಯದೇ ಅಕ್ಕಾ, ಆದರೆ ದೂಡಲು ಆಗುವುದಿಲ್ಲ" ಎಂದು ಅಲ್ಲಿಯ ಹುಡುಗಿ ನಾಚಿಕೊಂಡು ಹೇಳಿದಳು. ತಪ್ಪು ತನ್ನದು ಎಂಬಂತೆ. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದು ನಾನು ಗಟ್ಟಿಯಾಗಿ ಹೇಳಬೇಕಿತ್ತು.

ಹಿಡಿಕೆ ಎದೆಯ ಮಟ್ಟಕ್ಕೆ ಬಂದರೆ ಬರೀ ತೋಳಿನಿಂದ ದೂಡಬೇಕಾಗುತ್ತದೆ. ಮೊಣಕೈಗಿಂತ ತುಸು ಕೆಳಗೆ ಇದ್ದರೆ ಮೈಯ ಭಾರವೇ ದೂಡುತ್ತದೆ. ಹಾಗಾಗಿ ಹಿಡಿಕೆಯ ಎರಡೂ ಕಾಲುಗಳಿಗೆ ಒಂದೊಂದು ಇಂಚಿಗೆ ತೂತು ಕೊರೆಸಿ, ಬೋಲ್ಟಿನಿಂದ ಮೇಲೆ ಕೆಳಗೆ ಮಾಡುವ ಹಾಗೆ ಮಾಡಿಸಿ. ಚಿಟ್ಟೆ ನಟ್ಟು ಹಾಕಿಸಿದರೆ ಸ್ಪಾನರ್ ಬೇಡ, ಕೈಯಲ್ಲೇ ತಿರುಗಿಸಬಹುದು. ಒಂದೇ ಕುಂಟೆಯನ್ನು ಅತ್ತೆ ಬೆಳಗ್ಗೆ, ಸೊಸೆ ಮಧ್ಯಾಹ್ನ ಹಿಡಿದರೂ ಇಬ್ಬರಿಗೂ ಒಗ್ಗುತ್ತದೆ. ಸೀರೆ ಉಟ್ಟವರು ಹಿಡಿಯುವಾಗ ನೆರಿಗೆ ಚಕ್ರಕ್ಕೆ ಸಿಗುತ್ತದೆಯೇ ಎಂದೂ ನೋಡಿ. ನಮ್ಮ ಆ ಡ್ರಾಯಿಂಗಿನಲ್ಲಿ ಪ್ಯಾಂಟು ಹಾಕಿದ ಗಂಡಸಿನ ಚಿತ್ರ ಇತ್ತು.

ಸಾಲಿನ ನಡುವೆ ಕುಂಟೆ ಓಡುತ್ತದೆ. ಗಿಡದ ಬುಡದ ಕಳೆಗೆ ಕುರ್ಪಿ ಬೇಕೇ ಬೇಕು. ಅದಕ್ಕೆ ಒಂದು ಗೇಣು ಎತ್ತರದ ಹಗುರ ಮಣೆ ಮಾಡಿಕೊಟ್ಟರೆ ಮೊಣಕಾಲು ಪೂರ್ತಿ ಮಡಚುವುದು ತಪ್ಪುತ್ತದೆ.

ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ಊರಿನ ಕೆಲಸದವರಿಗೆ ಹೊಂದುವ ಹತಾರ ಮಾಡುವ ಪ್ರಾಜೆಕ್ಟ್ ಹಾಕಿಕೊಂಡಿದ್ದೇನೆ. ಸರಾಸರಿ ಅಳತೆಗೆ ವಿನ್ಯಾಸ ಮಾಡಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ ಅಲ್ವಾ? – ಕುಂಬಳೆ

ನಿನ್ನ ಕಾಗದ ಓದಿ ತುಂಬ ಖುಷಿಯಾಯಿತು ಮಗಳೇ. ಆದರೆ "ಸರಾಸರಿ" ಎನ್ನುವಲ್ಲೇ ಹೊಂಡ ಇದೆ.

1950ರಲ್ಲಿ ಅಮೆರಿಕದ ವಾಯುಪಡೆ 4,063 ಪೈಲಟ್‌ಗಳ ಮೈ ಅಳೆಯಿತು. ವಿಮಾನದ ಕಾಕ್‌ಪಿಟ್ಟನ್ನು ಸರಾಸರಿ ಪೈಲಟ್‌ಗೆ ತಕ್ಕಂತೆ ಮಾಡುವ ಯೋಚನೆ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಆ ಲೆಕ್ಕ ನೋಡುತ್ತಿದ್ದ. ಎತ್ತರ, ಎದೆ, ತೋಳು ಹೀಗೆ ಹತ್ತು ಅಳತೆ ತೆಗೆದುಕೊಂಡು, ಹತ್ತರಲ್ಲೂ ಸರಾಸರಿಯ ಹತ್ತಿರ ಇರುವವರು ಎಷ್ಟು ಜನ ಎಂದು ಹುಡುಕಿದ. ಒಬ್ಬನೂ ಸಿಗಲಿಲ್ಲ! ಎತ್ತರ ಸರಾಸರಿ ಇದ್ದವನ ತೋಳು ಉದ್ದ, ತೋಳು ಸರಾಸರಿ ಇದ್ದವನ ಕಾಲು ಗಿಡ್ಡ. ಆಮೇಲೆ ಸೀಟು ಹಿಂದೆ ಮುಂದೆ ಆಗುವಂತೆ, ಪಟ್ಟಿ ಬಿಗಿ ಸಡಿಲ ಆಗುವಂತೆ ಮಾಡುವುದು ಶುರುವಾಯಿತು.

ನಮ್ಮ ತೋಟಕ್ಕೂ ಇದೇ ಮಾತು. ಕೈ ತಲುಪಬೇಕಾದ ಜಾಗವನ್ನು ಎಲ್ಲರಿಗಿಂತ ಗಿಡ್ಡ ಕೈಯವಳಿಗೆ ಅಳೆದು ಮಾಡು. ಉದಾಹರಣೆಗೆ ಟಿಲ್ಲರಿನ ಕ್ಲಚ್ಚಿನ ಹಿಡಿಕೆ. ಅವಳಿಗೆ ಸಿಕ್ಕಿದರೆ ಉದ್ದ ಕೈಯವನಿಗೂ ಸಿಗುತ್ತದೆ. ಕೈ, ಕಾಲು ಒಳಗೆ ಹೋಗಬೇಕಾದ ಜಾಗವನ್ನು ಎಲ್ಲರಿಗಿಂತ ದೊಡ್ಡ ಕೈಯವನಿಗೆ ಅಳೆದು ಮಾಡು. ಹಿಡಿಕೆಯ ಎತ್ತರದಂಥದ್ದನ್ನು ಬದಲಾಯಿಸಲು ಬರುವ ಹಾಗೆ ಇಡು. ಎತ್ತುವ ತೂಕಕ್ಕೆ, ಎಳೆಯುವ ಬಲಕ್ಕೆ ಕಡಿಮೆ ಬಲದವರನ್ನೇ ಲೆಕ್ಕಕ್ಕೆ ಹಿಡಿ.

ಮೇಲೆ ಹೇಳಿದ ಭೋಪಾಲದ ಪುಸ್ತಕದಲ್ಲಿ ಮೈಯ 79 ಅಳತೆಗಳಿವೆ. ಹುಡುಕಿ ಓದು. ಅಷ್ಟಕ್ಕೇ ನಿಲ್ಲಬೇಡ. ನಿನ್ನದೇ ಪಂಚಾಯತಿನಲ್ಲಿ ಇಪ್ಪತ್ತು ಮೂವತ್ತು ಜನರನ್ನು ಅಳೆ. 79 ಬೇಡ. ಬರಿಗಾಲಿನ ಎತ್ತರ, ಮೊಣಕೈ ನೆಲದಿಂದ ಎಷ್ಟು, ಅಂಗೈ ಅಗಲ, ಹಿಡಿತದ ಸುತ್ತಳತೆ ಸಾಕು. ಯಾಕೆ ಅಳೆಯುತ್ತೀ ಎಂದು ಮೊದಲು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳು. ತುಳುವಿನವರಿಗೆ ತುಳು, ಮಲಯಾಳದವರಿಗೆ ಮಲಯಾಳ. ಒಪ್ಪಿದರೆ ಮಾತ್ರ ಅಳೆ. ಒಂದು ಇಡೀ ದಿನ ಅವರ ಜೊತೆ ಕೆಲಸ ಮಾಡು. ಬೆಳಗ್ಗೆ ಎಂಟಕ್ಕೆ ಸರಿ ಎನಿಸಿದ ಹಿಡಿ ಮಧ್ಯಾಹ್ನ ಮೂರಕ್ಕೆ ಹೇಗನಿಸುತ್ತದೆ ಎನ್ನುವುದು ಟೇಪಿನಲ್ಲಿ ಸಿಗುವುದಿಲ್ಲ.

ನಮ್ಮಲ್ಲೇ ಕಲಿಯಲು ಇನ್ನೊಂದು ಜಾಗ ಇದೆ. ಸುರಂಗ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿ ನೀರು ತರುವ ನಮ್ಮ ಕಾಸರಗೋಡಿನ ಸುರಂಗ. ನನ್ನ ಅಪ್ಪ ಸಣ್ಣ ಪ್ರಾಯದಲ್ಲಿ ಸುರಂಗ ತೋಡುವವರ ಜೊತೆ ಮಣ್ಣು ಹೊರಲು ಹೋಗುತ್ತಿದ್ದರು. ಸುರಂಗದ ಅಗಲ ಎಂದರೆ ಒಬ್ಬ ಆಳು ಭುಜ ತಾಗದೆ ತಿರುಗುವಷ್ಟು. ಎತ್ತರ ಅವನ ತಲೆ ತಾಗದಷ್ಟು. ಅದಕ್ಕಿಂತ ಜಾಸ್ತಿ ತೋಡಿದರೆ ಕೂಲಿ ದಂಡ, ಮೇಲಿನ ಮಣ್ಣು ಕುಸಿಯುವ ಭಯ ಬೇರೆ. ಆ ಇಕ್ಕಟ್ಟಿನಲ್ಲಿ ಊರಿನ ಪಿಕ್ಕಾಸು ಬೀಸಲು ಆಗದು. ಅವರು ಕಾವನ್ನು ಮೊಣಕೈಯವರೆಗಿನ ಉದ್ದಕ್ಕೆ ಕತ್ತರಿಸಿಕೊಳ್ಳುತ್ತಿದ್ದರಂತೆ. ಪ್ರತಿಯೊಬ್ಬನದ್ದೂ ಬೇರೆ. ಇನ್ನೊಬ್ಬನ ಪಿಕ್ಕಾಸು ಯಾರೂ ಮುಟ್ಟುತ್ತಿರಲಿಲ್ಲ. ನಿನ್ನ ಊರಿನ ಸುತ್ತ ಸುರಂಗ ತೋಡಿದ ಹಿರಿಯರು ಯಾರಾದರೂ ಇದ್ದರೆ ಮೊದಲು ಅವರ ಹತ್ತಿರ ಹೋಗಿ ಕೂರು. ಅವರ ಪಿಕ್ಕಾಸು ಇನ್ನೂ ಅಟ್ಟದಲ್ಲಿದ್ದರೆ ಅಳೆದು, ಫೋಟೋ ತೆಗೆದು ಇಡು. ಆ ಕಾವುಗಳು ಒಲೆಗೆ ಹೋಗುವ ಮೊದಲು ಯಾರಾದರೂ ಇದನ್ನು ಮಾಡಬೇಕು.

ಜಾರ್ಖಂಡಿನ ಇಬ್ಬರು ಹುಡುಗರು ತೋಟದ ಕೆಲಸಕ್ಕೆ ಬರುತ್ತಾರೆ. ಒಳ್ಳೆಯವರು. ಆದರೆ ನಮ್ಮ ಹಾರೆ ಹಿಡಿದರೆ ಕೆಲಸ ಸಾಗುವುದಿಲ್ಲ. ಸೋಮಾರಿತನ ಎಂದು ನೆರೆಯವರು ಹೇಳುತ್ತಾರೆ. – ಅಡೂರು

ನೆರೆಯವರ ಮಾತು ಬಿಡಿ. ಆ ಹುಡುಗರು ಹುಟ್ಟಿದಂದಿನಿಂದ ಹಿಡಿದದ್ದು ಅವರ ಊರಿನ ಕೊದಾಲ್. ಅದರ ಕಾವಿನ ಉದ್ದ, ಬಾಯಿಯ ಓರೆ, ಎತ್ತಿ ಹೊಡೆಯುವ ಲಯ ಎಲ್ಲವೂ ಬೇರೆ. ಅವರ ತೋಳು ಆ ಲಯಕ್ಕೆ ಒಗ್ಗಿದೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲವೂ ಅವರಿಗೆ ಹೊಸದು. ಸ್ಥಳೀಯರಿಗೆ ಹೊಂದುವ ಹತಾರ ಎಂದು ನಾವು ಹೇಳುತ್ತೇವೆ. ಇವತ್ತು ನಮ್ಮ ತೋಟದಲ್ಲಿ ಬೆವರು ಸುರಿಸುವವರು ಅವರೇ. ಹಾಗಾದರೆ ಸ್ಥಳೀಯರು ಎಂದರೆ ಯಾರು? ನನ್ನ ಲೆಕ್ಕದಲ್ಲಿ ಅವರೂ ಸೇರಿದರು.

ನಾನು ನಮ್ಮಲ್ಲಿ ಮಾಡಿದ್ದು ಹೇಳುತ್ತೇನೆ. ಕೆಲಸಕ್ಕೆ ಬಂದ ಹುಡುಗನನ್ನು ಕರೆದುಕೊಂಡು ಆಚಾರಿಯ ಹತ್ತಿರ ಹೋದೆ. ಈಗ ಅಲ್ಲಿ ಕೂರುವುದು ಆ ಹಿರಿಯ ಆಚಾರಿಯ ಮೊಮ್ಮಗ. ಹುಡುಗನಿಗೆ ತುಳು ಬಾರದು, ಆಚಾರಿಗೆ ಹಿಂದಿ ಬಾರದು. ಹುಡುಗ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ತನ್ನ ಊರಿನ ಕೊದಾಲಿನ ಚಿತ್ರ ಬರೆದ. ಕಾವು ಎಲ್ಲಿಯವರೆಗೆ ಎಂದು ತನ್ನ ಮೈಗೆ ಕೈ ಇಟ್ಟು ತೋರಿಸಿದ. ಅರ್ಧ ದಿನ ಹಿಡಿಯಿತು. ಖರ್ಚು ಒಂದು ಹಾರೆಯದ್ದು. ಮರುದಿನದಿಂದ ಅವನ ಕೆಲಸ ನಾನು ಹೇಳಬೇಕಾಗಿಲ್ಲ.

ನೀವೂ ಇಬ್ಬರನ್ನೂ ಕರೆದುಕೊಂಡು ಹೋಗಿ. ಇಬ್ಬರಿಗೂ ಬೇರೆ ಬೇರೆ ಮಾಡಿಸಿ, ಒಬ್ಬರಿಗೆ ಮಾಡಿಸಿ ಇನ್ನೊಬ್ಬರಿಗೆ ಕೊಡಬೇಡಿ. ಅವರು ಊರಿಗೆ ಹೋಗುವಾಗ ಬೇಕೆಂದರೆ ಜೊತೆಗೆ ಒಯ್ಯಲಿ.

*ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಬಗ್ಗೆ ಐದು ಕಾಗದ ಬಂದಿವೆ. ಅವಕ್ಕೆ ಮುಂದಿನ ತಿಂಗಳು ಉತ್ತರಿಸುತ್ತೇನೆ. ಆ ಐದೂ ಜನ ತಾವು ಕೂರುವ ಮಣೆಯ ಎತ್ತರ, ಕತ್ತಿಯ ಎತ್ತರ, ಕೂತಾಗ ನೆಲದಿಂದ ಮೊಣಕೈಗೆ ಎಷ್ಟು ಎಂದು ಅಳೆದು ಒಂದು ಕಾರ್ಡು ಹಾಕಿ. ದಿನಕ್ಕೆ ಎಷ್ಟು ಹೊತ್ತು ಸುಲಿಯುತ್ತೀರಿ ಎಂದೂ ಬರೆಯಿರಿ. ಅಳತೆ ಇಲ್ಲದೆ ಅಂದಾಜಿಗೆ ಹೇಳಲು ನನಗೆ ಮನಸ್ಸಿಲ್ಲ.*